ಡಚ್ ಜೋಡುಪದಗಳು: ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು?

ಪೊನ್ನಂಪೇಟೆಯವಳು:

ನಮಸ್ಕಾರ. ನಮ್ಮವರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ ಕೆಲಸ. ಮಳೆ ಹಿಡಿಯುವ ಮೊದಲು ನಾನೂ ಹೊರಡಬೇಕು. ಅಲ್ಲಿ ಇಂಗ್ಲಿಷ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆದರೂ ಅಂಗಡಿ, ಆಸ್ಪತ್ರೆ, ಅಕ್ಕಪಕ್ಕದ ಮನೆ ಅಂದಮೇಲೆ ಅವರ ಡಚ್ ಭಾಷೆ ಒಂದಿಷ್ಟು ಬೇಕಲ್ವಾ ಅಂತ ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ. ಕರೆಂಟ್ ಇದ್ದ ದಿನ ಕ್ಲಾಸ್, ಇಲ್ಲದ ದಿನ ನೋಟ್‌ಬುಕ್.

ವ್ಯಾಕರಣ ಹೇಗೋ ನಡೆಯುತ್ತಿದೆ. ಕಷ್ಟ ಇರುವುದು ಉದ್ದುದ್ದ ಪದಗಳಲ್ಲಿ. ಎರಡು ಮೂರು ಪದಗಳನ್ನು ಸೇರಿಸಿ, ನಡುವೆ ಜಾಗವೇ ಬಿಡದೆ ಒಂದೇ ಪದ ಮಾಡಿಬಿಡುತ್ತಾರೆ. ನಾನು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು ಓದುತ್ತೇನೆ. ರಾತ್ರಿ ಊಟಕ್ಕೆ "ಆವೊಂಡೇಟೆನ್" ಅಂತ ಬರೆದುಕೊಂಡಿದ್ದೇನೆ. ಅದನ್ನು ಹೇಳಿದರೆ ಟೀಚರ್‌ಗೆ ಅರ್ಥವೇ ಆಗುವುದಿಲ್ಲ. "ಕ್ಲೆಮ್‌ಟೋನ್, ಕ್ಲೆಮ್‌ಟೋನ್" ಅನ್ನುತ್ತಾರೆ, ಅಂದರೆ ಒತ್ತು, ಪದದಲ್ಲಿ ದನಿ ಜೋರಾಗುವ ಜಾಗ. ಆಮೇಲೆ "ಲೆಟರ್‌ಖ್ರೇಪ್" ಅನ್ನುತ್ತಾರೆ, ಅಂದರೆ ಸಿಲಬಲ್, ಒಂದೊಂದು ಸ್ವರದ ಸುತ್ತ ಇರುವ ಪದದ ತುಂಡು. ಪದವನ್ನು ಸರಿಯಾದ ಕಡೆ ಒಡೆಯುತ್ತಿಲ್ಲ, ಸರಿಯಾದ ಕಡೆ ಒತ್ತುತ್ತಿಲ್ಲ ಅಂತ ಅವರ ತಕರಾರು.

ಆಸ್ಪತ್ರೆಗೆ ಝೀಕೆನ್‌ಹಾಯ್ಸ್. ಒತ್ತು ಮೊದಲಲ್ಲಿ, ಝೀ ಮೇಲೆ. ನಗರಸಭೆ ಕಚೇರಿಗೆ ಸ್ಟಟ್‌ಹಾಯ್ಸ್. ಇಲ್ಲಿ ಒತ್ತು ಕೊನೆಯಲ್ಲಿ. ಎರಡರಲ್ಲೂ ಅದೇ ಹಾಯ್ಸ್, ಅದೇ ಮನೆ! ಇದಕ್ಕೆ ಏನಾದರೂ ನಿಯಮ ಇದೆಯಾ, ಇಲ್ಲ ಪ್ರತಿ ಪದವನ್ನೂ ಬಾಯಿಪಾಠ ಮಾಡಬೇಕಾ? ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

---

ಒಕ್ಕದ ಗೋಲಿ:

ಸಿಂಪಲ್ ತಂಗಿ. ಒತ್ತು ಯಾವಾಗಲೂ ಮೊದಲ ಪದದ ಮೇಲೆ. ಅಷ್ಟೇ.

ನಾನು ಅಲ್ಲಿ ಒಂದು ಸಣ್ಣ ಕ್ಲಬ್‌ನಲ್ಲಿ ಹಾಕಿ ಆಡುತ್ತಿದ್ದೆ. ಮೈದಾನದಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಪದಗಳನ್ನೇ ನೋಡು. ಪೆನಾಲ್ಟಿ ಕಾರ್ನರ್‌ಗೆ ಸ್ಟ್ರಫ್‌ಕೊರ್ನರ್, ಒತ್ತು ಸ್ಟ್ರಫ್ ಮೇಲೆ. ಪೆನಾಲ್ಟಿ ಸ್ಟ್ರೋಕ್‌ಗೆ ಸ್ಟ್ರಫ್‌ಬಲ್, ಅಲ್ಲೂ ಸ್ಟ್ರಫ್ ಮೇಲೆ. ಗೋಲ್‌ಗೆ ಡೂಲ್‌ಪೆಂಟ್, ಡೂಲ್ ಮೇಲೆ. ಅವರ ದೊಡ್ಡ ಲೀಗ್‌ಗೆ ಹೋಫ್ಟ್‌ಕ್ಲಾಸೆ, ಹೋಫ್ಟ್ ಮೇಲೆ. ಮೊದಲ ಪದವನ್ನು ಜೋರಾಗಿ ಹೇಳು, ಉಳಿದದ್ದು ತಾನಾಗಿ ಹಿಂದೆ ಬರುತ್ತೆ.

ಅಂದಹಾಗೆ ಸ್ಟ್ರಫ್‌ಬಲ್ ಅಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. 1973ರ ವಿಶ್ವಕಪ್ ಫೈನಲ್ ನಡೆದದ್ದು ಆಮ್ಸ್ಟೆಲ್‌ವೇನ್‌ನಲ್ಲಿ. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಕ್ಯಾಪ್ಟನ್. 2-2 ಸಮ ಆಗಿ ಕೊನೆಗೆ ಸ್ಟ್ರೋಕ್‌ನಲ್ಲಿ ಡಚ್ಚರಿಗೆ ಹೋಯಿತು. ನಾನು ಹುಟ್ಟಿರಲಿಲ್ಲ, ಆದರೂ ಮನೆಯಲ್ಲಿ ಕೇಳಿ ಕೇಳಿ ನಾನೇ ನೋಡಿದ ಹಾಗಿದೆ.

---

ನಾಪೋಕ್ಲು ನರ್ಸಕ್ಕ:

ಗೋಲಿ ಅವರೇ, ನಿಮ್ಮ ಮಾತಿಗೆ ನಿಮ್ಮ ಆಮ್ಸ್ಟೆಲ್‌ವೇನ್ ಊರೇ ಒಪ್ಪುವುದಿಲ್ಲವಲ್ಲ! ಅದರ ಒತ್ತು ಕೊನೆಯ ವೇನ್ ಮೇಲೆ. ಆಮ್‌ಸ್ಟರ್‌ಡಾಮ್, ರೋಟರ್‌ಡಾಮ್ ಕೂಡ ಹಾಗೇ, ಡಾಮ್ ಮೇಲೆ. ಊರ ಹೆಸರುಗಳ ದಾರಿಯೇ ಬೇರೆ. ಉಳಿದಂತೆ ನೀವು ಹೇಳಿದ್ದು ಮುಕ್ಕಾಲು ಪಾಲು ಸರಿ, ಆದರೆ ಆ ತಂಗಿಯ ತೊಂದರೆ ಅದರಿಂದ ತೀರುವುದಿಲ್ಲ.

ನಾನು ಅಲ್ಲಿ ವಯಸ್ಸಾದವರ ಆರೈಕೆ ಮನೆಯಲ್ಲಿ ನರ್ಸ್ ಆಗಿದ್ದೆ. ಈಗ ಊರಲ್ಲೇ ತೋಟ ನೋಡಿಕೊಂಡಿದ್ದೇನೆ. ಕಣದಲ್ಲಿ ಚೆರಿ ಕಾಫಿ ಹರಡಿದೆ, ಮೋಡ ಬೇರೆ ಕಟ್ಟುತ್ತಿದೆ. ಮಧ್ಯೆ ಎದ್ದು ಓಡಿದರೆ ಬೇಸರ ಮಾಡಿಕೊಳ್ಳಬೇಡಿ.

ತಂಗಿ, ನಿನ್ನ ಕಿವಿ ಸರಿ ಇದೆ. ತೊಂದರೆ ಇರುವುದು ನಿನ್ನ ನೋಟ್‌ಬುಕ್ಕಿನಲ್ಲಿ. ಕನ್ನಡದಲ್ಲಿ ವ್ಯಂಜನದ ಮುಂದೆ ಸ್ವರ ಬಂದರೆ ಎರಡೂ ಕೂಡಿ ಒಂದೇ ಅಕ್ಷರ ಆಗುತ್ತವೆ. ಡ್ ಮುಂದೆ ಏ ಬಂದರೆ ಡೇ. ನೀನು ಆವೊಂಡ್ ಪಕ್ಕದಲ್ಲಿ ಏಟೆನ್ ಬರೆಯಲು ಹೋದರೆ ಕೈ ತಾನಾಗಿಯೇ "ಆವೊಂಡೇಟೆನ್" ಅಂತ ಬರೆಯುತ್ತದೆ. ಅಲ್ಲಿಗೆ ಎರಡು ಪದ ಕೂಡುವ ಜಾಗವೇ ಅಳಿಸಿಹೋಯಿತು. ಡಚ್ಚರ ಕಿವಿ ಮೊದಲು ಹುಡುಕುವುದೇ ಆ ಜಾಗವನ್ನು.

ಈ ಪದವನ್ನೇ ಹತ್ತಿರದಿಂದ ನೋಡೋಣ. ಸಂಜೆಗೆ ಆವೊಂಡ್. ಕೊನೆಗೆ ಬರೆಯುವುದು ಡಿ. ಆದರೆ ಡಚ್‌ನಲ್ಲಿ ಪದದ ಕೊನೆಯ ಡಿಯನ್ನು ಟಿ ಅಂತಲೇ ಹೇಳುತ್ತಾರೆ: ಆವೊಂಟ್. ಸಂಜೆಗಳು ಅನ್ನಲು ಆವೊಂಡೆನ್. ಇಲ್ಲಿ ಡಿ ಮುಂದಿನ ಸ್ವರದ ಜೊತೆ ಹೋಗಿ ಹೊಸ ಸಿಲಬಲ್ ಶುರು ಮಾಡುತ್ತದೆ, ಹಾಗಾಗಿ ಡ ಆಗಿಯೇ ಉಳಿಯುತ್ತದೆ. ಈಗ ಊಟ ಸೇರಿಸು. ಊಟಕ್ಕೆ ಏಟೆನ್, ಅದು ಬೇರೆಯೇ ಪದ. ಡಿ ಆ ಕಡೆ ದಾಟುವುದಿಲ್ಲ, ತನ್ನ ಪದದ ಕೊನೆಯಲ್ಲೇ ಕೂತಿರುತ್ತದೆ. ಕೊನೆಯಲ್ಲಿ ಕೂತ ಮೇಲೆ ಟಿ ಆಗಲೇಬೇಕು. ಆದ್ದರಿಂದ ಆವೊಂಟ್+ಏಟೆನ್. ಒತ್ತು ಮೊದಲ ಆ ಮೇಲೆ. ನೀನು "ಡೇ" ಅಂದ ಕೂಡಲೇ ಅವರಿಗೆ "ಸಂಜೆಗಳು" ಅಂತ ಏನೋ ಶುರುವಾದ ಹಾಗೆ ಕೇಳಿಸುತ್ತದೆ. ಅದರ ಮೇಲೆ ಡೇಯನ್ನೇ ಎಳೆದು ಒತ್ತಿದರೆ ಮುಗಿಯಿತು, ಊಟ ಮಾಯ.

ಹಾಯ್ಸ್‌ಆರ್ಟ್ಸ್ ಕೂಡ ಇದೇ ಜಾತಿ. ಮೊದಲು ನೋಡಬೇಕಾದ ಫ್ಯಾಮಿಲಿ ಡಾಕ್ಟರ್ ಅವರು. ಮನೆಗೆ ಹಾಯ್ಸ್, ಮನೆಗಳಿಗೆ ಹಾಯ್ಝೆನ್. ಆದರೆ ಡಾಕ್ಟರ್ ಸೇರಿದಾಗ ಸ ಸ ಆಗಿಯೇ ಇರುತ್ತದೆ, ಹಾಯ್ಸ್+ಆರ್ಟ್ಸ್. "ಹಾಯ್ಝಾರ್ಟ್ಸ್" ಅನ್ನಬೇಡ. ರಕ್ತಹೀನತೆಗೆ ಬ್ಲೂಟ್+ಆರ್ಮೂಡೆ. ಅಲ್ಲೂ ಬರೆಯುವುದು ಡಿ, ಹೇಳುವುದು ಟಿ. ನಮ್ಮ ವಾರ್ಡಿನಲ್ಲಿ ಈ ಪದ ದಿನಾ ಬರುತ್ತಿತ್ತು.

ಇನ್ನು ಒತ್ತು. "ಮೊದಲ ಪದ" ಅಂದರೆ ಮೊದಲ ಸಿಲಬಲ್ ಅಂತ ತಿಳಿಯಬೇಡ. ಜಾಸ್ತಿ ಜನ ಎಡವುವುದು ಇಲ್ಲೇ. ಮೊದಲ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ, ಜೋಡಿಯಾದ ಮೇಲೂ ಅಲ್ಲೇ. ಪಾಲಿಕೆಗೆ ಖೆಮೇಂಟೆ, ಒತ್ತು ಮೇಂ ಮೇಲೆ. ಹಾಗಾಗಿ ಪಾಲಿಕೆ ಕಚೇರಿ ಖೆಮೇಂಟೆಹಾಯ್ಸ್‌ನಲ್ಲೂ ಮೇಂ ಮೇಲೆಯೇ. ನಾನು ಕೆಲಸ ಮಾಡಿದಂಥ ಮನೆಗೆ ವೆರ್‌ಪ್ಲೇಖ್‌ಹಾಯ್ಸ್ ಅನ್ನುತ್ತಾರೆ, ಅಲ್ಲಿ ಒತ್ತು ಪ್ಲೇ ಮೇಲೆ. ಖೆ, ವೆರ್ ಇವೆಲ್ಲ ಮುಂದೆ ಅಂಟಿಕೊಂಡ ಹಗುರ ತುಂಡುಗಳು. ಅವುಗಳಲ್ಲಿರುವ ಮಂಕು ಎ ಸ್ವರಕ್ಕೆ ಒತ್ತು ಬೀಳುವುದೇ ಇಲ್ಲ. ಕೊಡವ ತಕ್ಕ್ ಮಾತಾಡುವವರಿಗೆ ಈ ಸ್ವರ ಬೇಗ ಬಾಯಿಗೆ ಬರುತ್ತದೆ. ಕನ್ನಡದಲ್ಲಿಲ್ಲದ ನಡುಸ್ವರಗಳು ನಮ್ಮ ತಕ್ಕಿನಲ್ಲಿ ಇವೆಯಲ್ಲ. ನನಗೆ ಅದು ತುಂಬಾ ಅನುಕೂಲ ಆಯಿತು.

ಹಾಗಂತ ಎರಡನೆಯ ಪದವನ್ನು ನುಂಗಬೇಡ. ಗೋಲಿ ಅವರು "ತಾನಾಗಿ ಹಿಂದೆ ಬರುತ್ತೆ" ಅಂದರು, ಬರುವುದಿಲ್ಲ. ಝೀಕೆನ್‌ಹಾಯ್ಸ್‌ನಲ್ಲಿ ಹಾಯ್ಸ್ ಪೂರ್ತಿ ಕೇಳಬೇಕು, ದನಿ ಮಾತ್ರ ಸ್ವಲ್ಪ ಇಳಿದಿರಬೇಕು. ದೊಡ್ಡ ಒತ್ತು ಒಂದು, ಚಿಕ್ಕ ಒತ್ತು ಇನ್ನೊಂದು. ಎರಡೂ ಸಮ ಆದರೆ ಎರಡು ಬೇರೆ ಬೇರೆ ಪದ ಅನಿಸುತ್ತದೆ. ನಾವು ಕನ್ನಡದವರು ಮಾಡುವುದೇ ಅದು. ನಮ್ಮಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಎಲ್ಲಾ ಅಕ್ಷರವನ್ನೂ ಒಂದೇ ಸಮ ಹೇಳಿಕೊಂಡು ಹೋಗುತ್ತೇವೆ.

ನಮ್ಮವರ ಇನ್ನೊಂದು ರೂಢಿ: ಎರಡು ಅಕ್ಷರ ಜೊತೆಗೆ ಕಂಡರೆ ಗಟ್ಟಿಯಾಗಿ ಹಿಡಿದು ಹೇಳುವುದು. ಕಾಫಿಯನ್ನು ಅವರು ಎರಡು ಎಫ್ ಹಾಕಿ ಬರೆಯುತ್ತಾರೆ. ಹೇಳುವುದು ಕೊಫಿ, ಕೊಫ್ಫಿ ಅಲ್ಲ. ಮುಂಚಿನ ಸ್ವರ ಗಿಡ್ಡ ಅಂತ ತೋರಿಸಲು ಮಾತ್ರ ಆ ಎರಡನೆಯ ಎಫ್. ಸಾಲಿನ ಕೊನೆಯಲ್ಲಿ ಒಡೆಯುವಾಗ ಒಂದು ಎಫ್ ಈ ಕಡೆ, ಒಂದು ಆ ಕಡೆ ಹೋಗುತ್ತದೆ, ಬಾಯಲ್ಲಿ ಮಾತ್ರ ಒಂದೇ. ನಿದ್ದೆ ಮಾತ್ರೆಗೆ ಸ್ಲಾಪ್+ಪಿಲ್, ಅಲ್ಲಿಯ ಎರಡು ಪಿ ನಿಜವಾಗಿ ಎರಡು ಪದಗಳವು. ಆದರೂ ಮಾತಿನಲ್ಲಿ ಸ್ಲಾಪಿಲ್ ಅಂತಲೇ ಕೇಳುತ್ತದೆ. ನೀನು ಪ್ಪ ಅಂತ ಒತ್ತಿದರೆ ಒತ್ತು ಸುಮ್ನೆ ಪಿಲ್ ಕಡೆ ಜಾರುತ್ತದೆ.

ಒಡೆಯುವ ಜಾಗ ತಪ್ಪಿದರೆ ಏನಾಗುತ್ತದೆ ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಮಸಾಜ್ ಮಾಡುವ ಮಂಚಕ್ಕೆ ಮಸಾಝೆ+ಬೆಟ್, ಒತ್ತು ಸಾ ಮೇಲೆ. ಅದೇ ಅಕ್ಷರಗಳನ್ನು ಬೇರೆ ಕಡೆ ಒಡೆದರೆ ಮಸ+ಖೆಬೆಟ್, ಒತ್ತು ಮ ಮೇಲೆ. ಅರ್ಥ ಸಾಮೂಹಿಕ ಪ್ರಾರ್ಥನೆ! ಕಾಗದದ ಮೇಲೆ ಒಂದು ಅಕ್ಷರವೂ ವ್ಯತ್ಯಾಸ ಇಲ್ಲ. ನಮ್ಮಲ್ಲಿದ್ದ ಒಬ್ಬ ಅಜ್ಜಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವಾಗೆಲ್ಲ "ಇವತ್ತು ಮಂಚವೋ ಪ್ರಾರ್ಥನೆಯೋ" ಅಂತ ಕೇಳುತ್ತಿದ್ದರು. ಬಾಂಬ್ ಬೆದರಿಕೆಯ ಸುದ್ದಿಗೆ ಬೊಮ್+ಮೆಲ್ಡಿಂಗ್. ಅದನ್ನು ಬೊಮೆಲ್+ಡಿಂಗ್ ಅಂತ ಓದಿದರೆ ಬೊಮೆಲ್ ಅನ್ನುವವನ ಯಾವುದೋ ಸಾಮಾನು.

ಈಗ ನೋಟ್‌ಬುಕ್. ಕನ್ನಡದಲ್ಲಿ ಬರೆಯುವುದನ್ನು ಬಿಡಬೇಡ, ನಾನೂ ಹಾಗೇ ಕಲಿತದ್ದು. ಆದರೆ ಎರಡು ಪದ ಕೂಡುವ ಕಡೆ ಅಕ್ಷರ ಸೇರಿಸದೆ ಅರ್ಧಾಕ್ಷರದಲ್ಲೇ ನಿಲ್ಲಿಸಿ ಒಂದು ಗೆರೆ ಎಳೆ. ಡಿ ಟಿ ಆಗಿದ್ದರೆ ಟಿ ಅಂತಲೇ ಬರೆ. ಆಮೇಲೆ ಮೊದಲ ಪದದ ಒತ್ತಿನ ಕೆಳಗೆ ಅಡಿಗೆರೆ. ಓದುವಾಗ ಅಡಿಗೆರೆ ಇರುವ ಕಡೆ ಮೇಜಿನ ಮೇಲೆ ಒಂದು ಸಲ ತಟ್ಟು. ಇಡೀ ಪದಕ್ಕೆ ಒಂದೇ ಸಲ.

ಮಳೆ ಹನಿ ಬಿತ್ತು. ಆಮೇಲೆ ಬರುತ್ತೇನೆ.

---

ಒಕ್ಕದ ಗೋಲಿ:

ಅಕ್ಕ, ಸೋಲು ಒಪ್ಪಿಕೊಳ್ಳುವುದಿಲ್ಲ, ಡ್ರಾ ಅನ್ನೋಣ. ಆದರೆ ಒಡೆಯುವ ವಿಷಯಕ್ಕೆ ನನ್ನ ಕಡೆಯಿಂದಲೂ ಒಂದು. ತೊಡೆ ಹಿಡಿದುಕೊಂಡರೆ ಡೈ+ಕ್ರಂಪ್. ಅದೇ ಅಕ್ಷರ ಡೈಕ್+ರಂಪ್ ಆದರೆ ಏರಿ ಒಡೆದ ದುರಂತ. 1953ರ ಫೆಬ್ರವರಿಯಲ್ಲಿ ಸಮುದ್ರ ಉಕ್ಕಿ ಏರಿಗಳು ಒಡೆದು ಅಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಮೈದಾನದಲ್ಲಿ ಕಾಲು ಹಿಡಿದುಕೊಂಡು ಕೂತಾಗ ಎಲ್ಲಿ ಒಡೆಯುತ್ತೀರಿ ಅಂತ ನೋಡಿಕೊಳ್ಳಿ!

---

ಕುಶಾಲನಗರ ಮೇಷ್ಟ್ರು:

ನನಗೆ ಡಚ್ ಬರುವುದಿಲ್ಲ. ಕನ್ನಡ ಪಾಠ ಮಾಡಿದವನು. ಆದರೆ ಆವೊಂಟ್+ಏಟೆನ್ ಓದಿ ಸುಮ್ಮನಿರಲು ಆಗಲಿಲ್ಲ.

ಹೈಸ್ಕೂಲಿನಲ್ಲಿ ಜಶ್ತ್ವ ಸಂಧಿ ಓದಿದ್ದು ನೆನಪಿದೆಯಾ? ವಾಕ್+ದಾನ ವಾಗ್ದಾನ, ವಾಕ್+ಈಶ ವಾಗೀಶ, ಷಟ್+ಆನನ ಷಡಾನನ. ಮುಂದೆ ಸ್ವರ ಬಂದರೂ ಸರಿ, ದ ಬ ಗಳಂಥವು ಬಂದರೂ ಸರಿ, ಕ ಗ ಆಗುತ್ತದೆ, ಟ ಡ ಆಗುತ್ತದೆ. ನಮ್ಮ ನಾಲಿಗೆಗೆ ಇದು ಚಿಕ್ಕಂದಿನಿಂದ ರೂಢಿ. ನರ್ಸಮ್ಮ ಹೇಳಿದ್ದನ್ನು ನೋಡಿದರೆ ಡಚ್‌ನಲ್ಲಿ ಸ್ವರ ಬಂದಾಗ ಈ ಸಂಧಿ ಆಗುವುದೇ ಇಲ್ಲ. ಷಟ್+ಆನನ ಷಟ್-ಆನನ ಆಗಿಯೇ ಉಳಿದ ಹಾಗೆ. ಹಾಗಾದರೆ ಮುಂದೆ ಡ, ಬ ಬಂದರೆ ಏನು ಮಾಡುತ್ತಾರೆ? ಅದು ತಿಳಿದರೆ ಪೂರ್ತಿ ಆಗುತ್ತದೆ.

ಇನ್ನೊಂದು. ನಾವು ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಅಂತ ಎಣಿಸಿ ಬೆಳೆದವರು. ಕೊಫ್ಫಿ ಅಂತ ಬಾಯಿಗೆ ಬರುವುದು ಅದಕ್ಕೇ. ಛಂದಸ್ಸಿನ ಕಿವಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು ಅಷ್ಟೆ.

---

ಪೊನ್ನಂಪೇಟೆಯವಳು:

ನರ್ಸಕ್ಕ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇಡೀ ನೋಟ್‌ಬುಕ್ಕಿಗೆ ಗೆರೆ ಎಳೆಯುತ್ತಾ ಕೂತಿದ್ದೇನೆ. ಅತ್ತೆ ನೋಡಿ "ಲೆಕ್ಕದ ಪುಸ್ತಕವಾ" ಅಂದರು.

ಮೂರು ವಿಷಯ ಉಳಿದಿವೆ. ಸ್ಟಟ್‌ಹಾಯ್ಸ್ ಯಾಕೆ ಹಾಗೆ? ಮೂರು ಪದ ಸೇರಿದ್ದನ್ನು ಎಲ್ಲಿಂದ ಒಡೆಯಬೇಕು? ಇನ್ಶೂರೆನ್ಸ್ ಪೇಪರಿನಲ್ಲಿ ಒಂದು ಪದ ಸಾಲಿನ ತುದಿ ಮುಟ್ಟುತ್ತೆ! ಮತ್ತೆ ವೋರ್‌ಕೋಮೆನ್ ಅಂತ ಒಂದೇ ಪದಕ್ಕೆ ಡಿಕ್ಷನರಿಯಲ್ಲಿ ಎರಡು ಉಲ್ಟಾ ಅರ್ಥ ಇದೆ. ಇದೇನು?

---

ನಾಪೋಕ್ಲು ನರ್ಸಕ್ಕ:

ಕಾಫಿ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಿ ಬಂದೆ. ನಾಲ್ಕು ಹನಿಗೇ ನಿಂತಿತು.

ಮೊದಲು ಮೇಷ್ಟ್ರಿಗೆ. ಸರ್, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ಡ, ಬ ಬಂದರೆ ಅವರೂ ನಿಮ್ಮ ವಾಗ್ದಾನದ ದಾರಿಯನ್ನೇ ಹಿಡಿಯುತ್ತಾರೆ. ಕರ್ಚೀಫಿಗೆ ಬರೆಯುವುದು ಝಕ್+ಡೂಕ್, ಹೇಳುವುದು ಝಗ್ಡೂಕ್. ಮಜಾ ಏನೆಂದರೆ ಡಚ್‌ನ ಸ್ವಂತ ಪದಗಳಲ್ಲಿ ನಮ್ಮ ಗ ಸಿಗುವುದೇ ಇಂಥ ಕಡೆ. ಅವರ ಜಿ ಅಕ್ಷರವನ್ನು ಗಂಟಲಿನಿಂದ ಖ ತರಹ ಹೇಳುತ್ತಾರೆ. ಫುಟ್‌ಬಾಲ್‌ಗೆ ಬರೆಯುವುದು ವೂಟ್+ಬಲ್, ಕೇಳುವುದು ವೂಡ್ಬಲ್. ಒತ್ತು ಎರಡರಲ್ಲೂ ಮೊದಲ ಪದದ ಮೇಲೆ. ಹಾಗಾಗಿ ತಂಗಿ, ಎರಡನೆಯ ಪದ ಡ, ಬ ದಿಂದ ಶುರುವಾದರೆ ಮೇಷ್ಟ್ರ ಸಂಧಿ ಮಾಡು, ಸ್ವರದಿಂದ ಶುರುವಾದರೆ ಮಾಡಬೇಡ.

ಸ್ಟಟ್‌ಹಾಯ್ಸ್‌ಗೆ ಕಾರಣ ಕೇಳಬೇಡ, ಸುಮ್ನೆ ಕಲಿ. ಕೊನೆಯ ಪದದ ಮೇಲೆ ಒತ್ತು ಬೀಳುವ ಜೋಡುಪದಗಳು ಒಂದಷ್ಟಿವೆ. ಮೇಯರ್‌ಗೆ ಬರ್ಖೆಮೇಸ್ಟರ್, ಒತ್ತು ಮೇ ಮೇಲೆ. ತರಕಾರಿಯಲ್ಲಿ ಹೂಕೋಸಿಗೆ ಬ್ಲೂಮ್‌ಕೋಲ್, ಒತ್ತು ಬ್ಲೂಮ್ ಮೇಲೆ. ಚಳಿಗಾಲದಲ್ಲಿ ಆಲೂಗಡ್ಡೆ ಜೊತೆ ಜಜ್ಜಿ ಕೊಡುವ ಗುಂಗುರು ಎಲೆಯ ಕೋಸಿಗೆ ಬೂರೆನ್‌ಕೋಲ್, ಒತ್ತು ಕೋಲ್ ಮೇಲೆ. ಎರಡೂ ಅದೇ ಕೋಲ್. ಅಡುಗೆಮನೆಯವರು ಮೆನು ಓದುವಾಗ ನಾನು ಇವೆರಡನ್ನು ಕಾಯುತ್ತಿದ್ದೆ. ಇಂಥವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬೇರೆ ಬರೆದಿಡು. ನಿನ್ನ ಊರು ಐಂಡ್‌ಹೋವೆನ್‌ಗೆ ಒತ್ತು ಮೊದಲಲ್ಲೇ. ಅಲ್ಲೂ ಡಿ ಟಿ ಆಗುತ್ತದೆ: ಐಂಟ್+ಹೋವೆನ್. ಗಂಡನ ಊರ ಹೆಸರಾದರೂ ಸರಿಯಾಗಿ ಹೇಳು!

ಉದ್ದದ ಪದವನ್ನು ಕೊನೆಯಿಂದ ಒಡೆ. ನೀನು ನೋಡಿದ್ದು ಬಹುಶಃ ಝೀಕ್ಟೆಕೊಸ್ಟೆನ್‌ವೆರ್‌ಝೇಕರಿಂಗ್. ಕೊನೆಯಲ್ಲಿ ವೆರ್‌ಝೇಕರಿಂಗ್, ಅಂದರೆ ವಿಮೆ. ಯಾವುದರ ವಿಮೆ? ಕೊಸ್ಟೆನ್, ಖರ್ಚಿನದ್ದು. ಯಾವ ಖರ್ಚು? ಝೀಕ್ಟೆ, ಕಾಯಿಲೆಯದ್ದು. ನಮ್ಮ ಕನ್ನಡದ ಹಾಗೇ ಕೊನೆಯ ಪದವೇ ಯಜಮಾನ. ಪದದ ಮುಂದೆ (ಇಂಗ್ಲಿಷಿನ the ಹಾಗೆ) ಡೆ ಬರಬೇಕೋ ಹೆಟ್ ಬರಬೇಕೋ ಅನ್ನುವುದೂ ಅದನ್ನೇ ನೋಡಿ. ಹೆಟ್ ಹಾಯ್ಸ್, ಆದ್ದರಿಂದ ಹೆಟ್ ಝೀಕೆನ್‌ಹಾಯ್ಸ್. ಡೆ ಆರ್ಟ್ಸ್, ಆದ್ದರಿಂದ ಡೆ ಹಾಯ್ಸ್‌ಆರ್ಟ್ಸ್. ಅರ್ಥ, ಲಿಂಗ ಎಲ್ಲ ಕೊನೆಯಲ್ಲಿ. ಒತ್ತು ಮಾತ್ರ ಮೊದಲಲ್ಲಿ, ಝೀಕ್ ಮೇಲೆ. ಅಷ್ಟುದ್ದದ ಪದಕ್ಕೂ ಮೇಜು ತಟ್ಟುವುದು ಒಂದೇ ಸಲ.

ನಡುವೆ ಸುಮ್ಮನೆ ಒಂದು ಎಸ್ ಬಂದರೆ ಅದು ಹಿಂದಿನ ಪದಕ್ಕೆ ಸೇರಿದ್ದು. ಕಂಪನಿ ಡಾಕ್ಟರ್‌ಗೆ ಬೆಡ್ರೈಫ್ಸ್+ಆರ್ಟ್ಸ್. "ಸಾರ್ಟ್ಸ್" ಅಂತ ಒಡೆಯಬೇಡ. ನಡುವೆ ಎನ್ ಬಂದರೆ ಎಷ್ಟೋ ಜನ ಅದನ್ನು ಹೇಳುವುದೇ ಇಲ್ಲ, ಝೀಕೆಹಾಯ್ಸ್ ಅಂತಲೇ ಕೇಳುತ್ತದೆ. ಆ ಎನ್ ಎಲ್ಲಿ ಬರೆಯಬೇಕು ಅನ್ನುವುದು ಅವರಿಗೇ ತಲೆನೋವು. 1995ರಲ್ಲಿ ನಿಯಮ ಬದಲಾಗಿ ದೋಸೆಯಂಥ ಪನೆಕೂಕ್‌ಗೂ ಒಂದು ಎನ್ ಸೇರಿತು. ನಮ್ಮ ವಾರ್ಡಿನ ಅಜ್ಜಿಯರು ಪತ್ರ ಬರೆಯುವಾಗ ಹಳೆಯದನ್ನೇ ಬರೆದು "ಹೊಟ್ಟೆಗೆ ಹೋಗುವುದು ಅದೇ" ಅನ್ನುತ್ತಿದ್ದರು.

ಒಡೆಯುವ ಜಾಗ ಬರವಣಿಗೆಯಲ್ಲೇ ಕಾಣುವುದೂ ಉಂಟು. ಕಾರು ಅಪಘಾತಕ್ಕೆ ಔಟೊ-ಒನ್‌ಖೆಲುಕ್. ಎರಡು ಓ ಅಂಟಿದರೆ ದೀರ್ಘ ಓ ಅಂತ ಓದಿಬಿಡುತ್ತಾರೆ ಅಂತ ನಡುವೆ ಅಡ್ಡಗೆರೆ ಹಾಕುತ್ತಾರೆ. ಜೋಡುಪದ ಅಲ್ಲದ ಕಡೆ, ಬೆಲ್ಜಿಯಂ ಹೆಸರಿನಲ್ಲಿರುವ ಹಾಗೆ, ಸ್ವರದ ತಲೆ ಮೇಲೆ ಎರಡು ಚುಕ್ಕೆ. ಇಲ್ಲಿಂದ ಹೊಸ ಸಿಲಬಲ್ ಅಂತ ಅರ್ಥ. ಅನುಮಾನ ಬಂದರೆ ಅವರ ಸರ್ಕಾರಿ ಪದಪಟ್ಟಿ ನೋಡು. "ಹಸಿರು ಪುಸ್ತಕ" ಅಂತಲೇ ಅದಕ್ಕೆ ಹೆಸರು, 1954ರಿಂದ ಇದೆ, ಈಗ ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಯಾವ ಪದ ಎಲ್ಲಿ ಒಡೆಯುತ್ತದೆ ಅಂತ ತೋರಿಸುತ್ತದೆ.

ವೋರ್‌ಕೋಮೆನ್ ಅಸಲಿ ತೊಂದರೆಯದ್ದು. ವೋರ್ ಮೇಲೆ ಒತ್ತಿದರೆ "ಉಂಟಾಗುವುದು, ಕಂಡುಬರುವುದು". ಕೋ ಮೇಲೆ ಒತ್ತಿದರೆ "ಆಗದಂತೆ ತಡೆಯುವುದು". ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಿಗೆ ಡೋರ್‌ಲಿಖ್‌ವೊಂಟ್ ಅನ್ನುತ್ತಾರೆ. ಡ್ಯೂಟಿ ಬದಲಾಗುವಾಗ ಈ ಎರಡು ಪದ ಒಟ್ಟಿಗೆ ಬರುತ್ತಲೇ ಇರುತ್ತವೆ. ಹುಣ್ಣು ತಡೆಯಬೇಕು ಅನ್ನಬೇಕಾದ ಕಡೆ ಹುಣ್ಣು ಬರಬೇಕು ಅಂದ ಹಾಗಾದರೆ ಹೇಗೆ? ವಾಕ್ಯ ನೋಡಿ ಅವರು ಅರ್ಥ ಮಾಡಿಕೊಳ್ಳುತ್ತಾರೆ, ಆದರೂ ಒಂದು ಕ್ಷಣ ನಿನ್ನ ಮುಖ ನೋಡುತ್ತಾರೆ. ಇಂಥ ಕ್ರಿಯಾಪದಗಳಲ್ಲಿ ಒಂದು ಸುಳಿವು ಇದೆ. ಒತ್ತು ಮೊದಲ ತುಂಡಿನ ಮೇಲಿದ್ದರೆ ಆ ತುಂಡು ವಾಕ್ಯದಲ್ಲಿ ಬಿಟ್ಟು ದೂರ ಹೋಗುತ್ತದೆ, ಭೂತಕಾಲದಲ್ಲಿ ನಡುವೆ ಖೆ ನುಗ್ಗುತ್ತದೆ: ವೋರ್‌ಖೆಕೋಮೆನ್. ಒತ್ತು ಎರಡನೆಯದರ ಮೇಲಿದ್ದರೆ ತುಂಡು ಬಿಡುವುದೂ ಇಲ್ಲ, ಖೆ ಬರುವುದೂ ಇಲ್ಲ. ಗೊಂದಲ ಆಗುವ ಕಡೆ ಅವರೇ ಸ್ವರದ ಮೇಲೆ ಓರೆ ಗೆರೆ ಎಳೆದು ಒತ್ತು ತೋರಿಸುತ್ತಾರೆ.

ಹೋದ ಮೇಲೆ ನಾಲ್ಕು ತಿಂಗಳ ಒಳಗೆ ಆರೋಗ್ಯ ವಿಮೆ ಮಾಡಿಸಲೇಬೇಕು, ಮರೆಯಬೇಡ. ಅದಕ್ಕೆ ಈಗ ಝೊರ್ಖ್+ವೆರ್‌ಝೇಕರಿಂಗ್ ಅನ್ನುತ್ತಾರೆ, ಒತ್ತು ಝೊರ್ಖ್ ಮೇಲೆ. ಹತ್ತಿರದ ಹಾಯ್ಸ್‌ಆರ್ಟ್ಸ್ ಹತ್ತಿರ ಹೆಸರು ಬರೆಸು. ಅವರ ಚೀಟಿ ಇಲ್ಲದೆ ದೊಡ್ಡ ಡಾಕ್ಟರ್ ನೋಡುವುದಿಲ್ಲ. ಆ ಚೀಟಿಗೆ ವೆರ್‌ವೈಸ್‌ಬ್ರೀಫ್, ಒತ್ತು ವೈಸ್ ಮೇಲೆ. ಇನ್ನೂ ಕಾಡುವ ಪದಗಳಿದ್ದರೆ ಪಟ್ಟಿ ಹಾಕು, ಕೊಯ್ಲಿನವರಿಗೆ ಲೆಕ್ಕ ಕೊಟ್ಟು ರಾತ್ರಿ ನೋಡುತ್ತೇನೆ.